ಐವರ ಬಾಯಲ್ಲಿ ನನ್ನ ಮಾತು

ಮರುದಿನ ಅಮಾವಾಸ್ಯೆ ಇತ್ತು. ಹಿತ್ತಲ ನಲ್ಲಿಯ ಹತ್ತಿರ ಕೂತು ದೇವರ ಸಾಮಾನು ತಿಕ್ಕುತ್ತಿದ್ದೆ. ನೆನೆಸಿದ ಹುಣಸೆಹಣ್ಣು ಹಚ್ಚಿ ಎರಡು ದೀಪ ತೊಳೆದಿಟ್ಟಿದ್ದೆ. ತಂಬಿಗೆ, ಆರತಿ ತಟ್ಟೆ ಇನ್ನೂ ಬಾಕಿ ಇದ್ದವು. ಕೈಯಲ್ಲಿ ಗಂಟೆ ಇತ್ತು. ಆಗ ಸೊಸೆ ಹಿತ್ತಲ ಬಾಗಿಲಿಗೆ ಬಂದು ನಿಂತಳು.

"ಆಗಲಿಲ್ರಿ ಅತ್ತ್ಯಾರ," ಅಂದಳು.

ಏನು ಆಗಲಿಲ್ಲ ಎಂದು ನಾನು ಕೇಳಲಿಲ್ಲ. ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದದ್ದು ಆಕೆಯ ನೌಕರಿಯೊಂದನ್ನೇ.

"ಕಾರಣ ಬರದಾರೇನವ್ವ?"

"ಬರದಾರ್ರಿ. ನನಗ ಮಂದಿ ಬಾಯಿ ಬಿಡಸಾಕ ಬರಂಗಿಲ್ಲಂತ." ಸ್ವಲ್ಪ ನಕ್ಕಳು. "ಹಿಂಗ ಬರದಿಲ್ಲ, ಮೆತ್ತಗ ಬರದಾರ. ನಾ ಮಾತಾಡಿಸಿದ ಹೆಣ್ಮಕ್ಕಳು ಮರ್ಯಾದಿ ಮಾತು ಬಿಟ್ಟು ಮುಂದ ಬರಲೇ ಇಲ್ಲಂತ. ಒಂದು ವರ್ಷ ಬಿಟ್ಟು ಮತ್ತ ಅರ್ಜಿ ಹಾಕಬಹುದಂತ."

ನಾನು ಗಂಟೆ ತಿಕ್ಕುತ್ತಲೇ ಇದ್ದೆ. ಸದ್ದಾಗಬಾರದೆಂದು ಒಳಗಿನ ನಾಲಿಗೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ತಿಕ್ಕುತ್ತಿದ್ದೆ. ಆಕೆ ಒಳಗೆ ಹೋದಳು. ಹೋಗುವಾಗ ನನ್ನ ಮೇಲೆ ಒಂದು ಮಾತನ್ನೂ ಆಡಲಿಲ್ಲ. ಆಡಲು ಆಕೆಗೆ ಏನೂ ಗೊತ್ತಿರಲಿಲ್ಲ. ಆ ಹೆಣ್ಣುಮಕ್ಕಳ ಬಾಯಿ ಬಿಡಿಸಲು ಆಕೆಗೆ ಬರುವುದಿಲ್ಲ ಎಂದು ಕಂಪನಿಯವರು ತಿಳಿದರು, ಆಕೆಯೂ ಹಾಗೇ ತಿಳಿದಳು. ಆ ಬಾಯಿಗಳನ್ನು ಮುಚ್ಚಿಸಿದವಳು ನಾನು.

ನನ್ನ ಸೊಸೆಯ ತವರು ಯಾದಗಿರಿ. ಕಲಬುರಗಿಯಲ್ಲಿ ಸಮಾಜಕಾರ್ಯ ಓದಿದವಳು. ಲಗ್ನಕ್ಕೆ ಮೊದಲು ಒಂದು ಸಂಸ್ಥೆಯ ಪರವಾಗಿ ಹಳ್ಳಿಹಳ್ಳಿ ತಿರುಗಿ ಹೆಣ್ಣುಮಕ್ಕಳ ಕಷ್ಟಸುಖ ಕೇಳಿ ಬರೆದುಕೊಳ್ಳುತ್ತಿದ್ದಳು. ಮೂರು ವರ್ಷದ ಹಿಂದೆ ಶಹಾಪುರಕ್ಕೆ, ನಮ್ಮ ಮನೆಗೆ ಬಂದಳು. ಮಗ ಕಾಲೇಜಿನಲ್ಲಿ ಪಾಠ ಹೇಳಲು ದಿನಾ ಯಾದಗಿರಿ ಬಸ್ಸಿಗೆ ಹೋಗುತ್ತಾನೆ. ಆಕೆ ಮನೆಯಲ್ಲಿ ಉಳಿದಳು. ನನ್ನ ಜೊತೆ ರೊಟ್ಟಿ ಬಡಿದಳು, ತೊಗರಿ ಹಸನು ಮಾಡಿದಳು, ಎಂದೂ ಬೇಸರ ತೋರಿಸಲಿಲ್ಲ. ಆದರೆ ಮಧ್ಯಾಹ್ನ ಹೊತ್ತು ತನ್ನ ಹಳೆಯ ನೋಟಬುಕ್ಕು ತೆಗೆದು ಓದಿಕೊಳ್ಳುವುದನ್ನು ನಾನು ನೋಡಿದ್ದೆ. ಹೀಗಿರುವಾಗ ಒಂದು ದೊಡ್ಡ ಕಂಪನಿಯಲ್ಲಿ ಜಾಗ ಖಾಲಿ ಇದೆ ಎಂದು ತಿಳಿಯಿತು. ಬಹಳ ಮಂದಿಯ ಫೋನಿನಲ್ಲಿ ಆ ಕಂಪನಿಯದು ಒಂದಲ್ಲ ಒಂದು ವಸ್ತು ಇದ್ದೇ ಇರುತ್ತದೆ.

"ಏನ್ ನೌಕರಿ ಅದು?" ಎಂದು ನಮ್ಮವರು ಕೇಳಿದರು.

"ಮಂದಿ ಫೋನ್ ಹ್ಯಾಂಗ ಬಳಸ್ತಾರ, ಎಲ್ಲಿ ಅವರಿಗಿ ತೊಡಕಾಗ್ತದ, ಅವರ ಜೋಡಿ ಕುಂತು ಕೇಳಿ ಕಂಪನಿಗಿ ತಿಳಸೋದ್ರಿ ಮಾವಾರ. ಮನಿಯಿಂದಾನೇ ಮಾಡಬಹುದು. ಆಗಾಗ ಹಳ್ಳಿಗಿ ಹೋಗೋದಿರ್ತದ."

"ಮಂದಿ ತಕಲೀಫ್ ಕೇಳಾಕ ಪಗಾರ ಕೊಡ್ತಾರ? ನಿಮ್ಮ ಅತ್ತಿ ಕಟ್ಟಿ ಮ್ಯಾಲೆ ಕುಂತು ಇಷ್ಟು ವರ್ಷ ಪುಕ್ಕಟ ಕೇಳ್ಯಾಳ ನೋಡು," ಅಂದರು. ಎಲ್ಲರೂ ನಕ್ಕೆವು.

ಮೊದಲ ಎರಡು ಸುತ್ತು ಮಾತುಕತೆ ಚೆನ್ನಾಗಿ ಆಯಿತು. ಮೂರನೆಯದಕ್ಕೆ ಅವರು ಒಂದು ಕೆಲಸ ಕೊಟ್ಟರು. ಹೆಚ್ಚು ಓದದ ಐದು ಹೆಣ್ಣುಮಕ್ಕಳನ್ನು ಮಾತಾಡಿಸಬೇಕು. ಬಾಯಿಂದ ಮಾತಾಡಿ ಫೋನಿಗೆ ಏನೇನು ಕೇಳುತ್ತಾರೆ, ಉತ್ತರ ಸಿಗುತ್ತದೋ ಇಲ್ಲವೋ, ಎಲ್ಲಿ ಕೈಬಿಡುತ್ತಾರೆ ಎಂದು ತಿಳಿದು, ಅದನ್ನು ಕಂಪನಿಯವರ ಮುಂದೆ ಇಡಬೇಕು. ಇದನ್ನು ಹೇಗೆ ಮಾಡುತ್ತಾಳೆ ಎನ್ನುವುದರ ಮೇಲೆಯೇ ನೌಕರಿ.

"ಐದು ಮಂದೀನ ನೀವೇ ಕರಸ್ರಿ ಅತ್ತ್ಯಾರ," ಅಂದಳು. "ನಿಮ್ಮ ಮಾತಂದ್ರ ಬರ್ತಾರ. ಆದ್ರ ಅವರಿಗಿ ಮೊದಲ ಏನೂ ಹೇಳಬ್ಯಾಡ್ರಿ. ಇದ್ದದ್ದು ಇದ್ದಂಗ ಬರ್ಲಿ."

"ಆತವ್ವ," ಅಂದೆ.

ಆತು ಎಂದವಳು ಆ ಮಾತನ್ನು ಯಾಕೆ ಮುರಿದೆ ಎಂದರೆ, ನನ್ನ ತಲೆಯಲ್ಲಿ ಬೇರೆಯೇ ಒಂದು ಲೆಕ್ಕ ಇತ್ತು. ನಮ್ಮ ಕಡೆ ಒಂದು ಸಂಬಂಧ ಕೂಡಿಬರುವ ಮೊದಲು ವಿಚಾರಣೆ ನಡೆಯುತ್ತದೆ. ಹೆಣ್ಣಿನ ಕಡೆಯವರು ಹುಡುಗನ ಓಣಿಗೆ ಹೇಳದೆ ಬಂದು, ಕಿರಾಣಿ ಅಂಗಡಿಯಲ್ಲೋ ಗುಡಿಯ ಮುಂದೋ ನಿಂತು, ಆ ಮನಿ ಮಂದಿ ಹ್ಯಾಂಗ ಎಂದು ಕೇಳುತ್ತಾರೆ. ಕೇಳುವವರು ಯಾರು, ಯಾಕೆ ಕೇಳುತ್ತಿದ್ದಾರೆ ಎಂದು ಓಣಿಗೆ ಕೂಡಲೇ ಗೊತ್ತಾಗುತ್ತದೆ. ಆಗ ನಮ್ಮ ಜೊತೆ ಮಾತು ಬಿಟ್ಟವರೂ ಒಳ್ಳೆಯದನ್ನೇ ಹೇಳುತ್ತಾರೆ. ಇವತ್ತು ನಮ್ಮ ಮನೆಯ ಪಾಳಿ, ನಾಳೆ ಅವರ ಮನೆಯದು. ಅದನ್ನು ಯಾರೂ ಸುಳ್ಳು ಎಂದು ಎಣಿಸುವುದಿಲ್ಲ.

ಈ ಸೊಸೆಯನ್ನು ಕೊಡುವ ಮೊದಲು ಆಕೆಯ ಕಾಕಾ ನಮ್ಮ ಓಣಿಗೆ ಬಂದಿದ್ದರು. ಗುಡಿಯ ಮುಂದೆ ಬೇವಿನ ಮರದ ಕೆಳಗೆ ಹೂ ಮಾರುವಾಕೆ ಕೂರುತ್ತಾಳೆ. ಆಕೆಯನ್ನೇ ಕೇಳಿದ್ದರು. ಅದಕ್ಕೂ ಒಂದು ವಾರ ಮೊದಲು ಮಾಲೆ ಒಂದು ಗೇಣು ಕಡಿಮೆ ಅಳೆದಳು ಎಂದು ನಾನು ಆಕೆಯ ಜೊತೆ ಜೋರು ಮಾಡಿದ್ದೆ. ಆದರೂ ಆಕೆ, "ಆ ಅವ್ವಾರ ಬಾಯಾಗ ಒಂದು ಸುಳ್ಳು ಮಾತು ಬರಂಗಿಲ್ರಿ, ಕಣ್ಣು ಮುಚ್ಚಿ ಕೊಡ್ರಿ," ಅಂದಳಂತೆ. ಆ ಮಾತಿನ ಮೇಲೆ ಈ ಹುಡುಗಿ ನಮ್ಮ ಹೊಸ್ತಿಲು ದಾಟಿ ಬಂದಳು.

ಕಂಪನಿಯದೂ ಅದೇ ಜಾತಿಯ ವಿಚಾರಣೆ ಎಂದು ನಾನು ತಿಳಿದೆ. ಅವರ ವಸ್ತುವನ್ನು ಐದೂ ಮಂದಿ ಹೊಗಳಿದರೆ ಅವರಿಗೆ ಸಂತೋಷ, ಸಂತೋಷವಾದರೆ ಹುಡುಗಿಗೆ ನೌಕರಿ. ಹೊಗಳದೆ ತಪ್ಪು ಎಣಿಸಿದರೆ, ಯಾವ ಕಂಪನಿಯವರು ಕರೆದು ಕುರ್ಚಿ ಹಾಕುತ್ತಾರೆ ಎಂದು ನನ್ನ ಎಣಿಕೆ.

ಸುರಪುರದಿಂದ ನನ್ನ ತಂಗಿಯನ್ನು ಕರೆಸಿದೆ. ಎದುರುಮನೆಯಾಕೆ, ಶಾಲೆಯ ಬಿಸಿಯೂಟದ ಅಡುಗೆಯಾಕೆ, ಸಗರದಿಂದ ಸಂತೆಗೆ ಬರುವ ಕುರಿ ಸಾಕುವ ಮನೆಯ ಹೆಣ್ಣುಮಗಳು, ಮತ್ತೆ ಹೂವಿನಾಕೆ. ಸೊಸೆ ಒಳಗೆ ಮಾತು ರೆಕಾರ್ಡ್ ಮಾಡಲು ಫೋನು, ಬರೆಯಲು ಕಾಗದ ಅಣಿ ಮಾಡಿಕೊಳ್ಳುವಾಗ ಇವರನ್ನು ಕಟ್ಟೆಯ ಮೇಲೆ ಕೂರಿಸಿ ಹೇಳಿದೆ. "ನೋಡ್ರಿ, ಇದು ಹುಡುಗಿ ನೌಕರಿ ಮಾತು. ಏನ್ ಕೇಳಿದ್ರೂ ಭಾಳ ಚಲೋ ಅದ ಅನ್ರಿ. ಕೇಳಿದ್ದಕ್ಕ ಬರೋಬ್ಬರಿ ಉತ್ರ ಕೊಡ್ತದ, ಏನೂ ತಕಲೀಫ್ ಇಲ್ಲ ಅನ್ರಿ."

"ಅಕ್ಕಾ, ಮೊನ್ನಿ ನಾ ಉಪ್ಪಿನಕಾಯಿ ಕೇಳಿದ್ರ ಅದು ಯಾವುದೋ ಲಗ್ನದ ಸೀರಿ ತೋರಸ್ತು," ಅಂದಳು ನನ್ನ ತಂಗಿ.

"ಸೀರಿ ಚಲೋ ಇತ್ತಿಲ್ಲೋ?"

"ಸೀರಿ ಚಲೋನೇ ಇತ್ತು."

"ಹಂಗಾರ ಚಲೋ ಅದ ಅನ್ನು. ಸುಳ್ಳೇನಾತು?"

ಕಟ್ಟೆಯೆಲ್ಲ ನಕ್ಕಿತು. ಒಬ್ಬೊಬ್ಬರಾಗಿ ಒಳಗೆ ಹೋಗಲು ಶುರುವಾಯಿತು. ಹೂವಿನಾಕೆಯ ಪಾಳಿ ಕೊನೆಗೆ. ಕಟ್ಟೆಯ ಮೇಲೆ ನಾವಿಬ್ಬರೇ ಉಳಿದಾಗ ಆಕೆ ಹತ್ತಿರ ಸರಿದಳು.

"ಅವ್ವಾರ, ನಂದೊಂದು ಮಾತದ. ಸಣ್ಣವ್ವಾರ ಮುಂದ ಹೇಳ್ಲೇನ್ರಿ?"

"ಏನದು?"

"ತಿಂಗಳದ್ದು ಶುರು ಆದ್ರ ನಿಂದ್ರವಲ್ದ್ರಿ. ಮೂರು ತಿಂಗಳಾತು. ಯಾರಿಗಿ ಕೇಳ್ಲಿ ಅಂತ ಫೋನಿಗಿ ಕೇಳಿದೆ. ಅದೇನೋ ಹೇಳ್ತು, ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ಮರುದಿನ ನಮ್ಮ ಮನಿಯವರು ಫೋನ್ ತಗೊಂಡ್ರ ನಾ ಕೇಳಿದ್ದು ಹಂಗೇ ಕುಂತಿತ್ತು ಅದರಾಗ. ನಮ್ಮತ್ತಿ, ಮೈದುನ, ಎಲ್ಲಾರ ಎದುರಿಗಿ ಓದಿ ನಕ್ರು. ಅವತ್ತಿಂದ ನಾ ಅದನ್ನ ಮುಟ್ಟಿಲ್ಲ ನೋಡ್ರಿ."

ನಾನು ಆಕೆಯ ಕೈ ಹಿಡಿದುಕೊಂಡೆ. ಹಿಡಿದು ಹೇಳಿದ್ದೇನು? "ಅದನ್ನೆಲ್ಲ ಹೇಳಬ್ಯಾಡವ್ವ. ನಾಳೆ ಗಂಡಸರೂ ಕೇಳ್ತಾರ ಇದನ್ನ. ನಾಚಿಕಿ ಮಾತದು. ಚಲೋ ಅದ ಅಂತಷ್ಟೇ ಹೇಳಿ ಬಾ."

ಆಕೆ ತಲೆ ಆಡಿಸಿದಳು. ನಾನು ಚಹಾ ತರಲು ಎದ್ದೆ.

ಹೂವಿನಾಕೆ ಒಳಗೆ ಹೋದಾಗ ಚಹಾ ಕೊಟ್ಟು ನಾನು ಬಾಗಿಲ ಹತ್ತಿರವೇ ಕೂತೆ. ಸೊಸೆ, "ಅತ್ತ್ಯಾರ, ನೀವು ಜರಾ ಆಕಡಿ ಇರ್ರಿ," ಅಂದಳು. ನನ್ನ ಮನೆಯಲ್ಲಿ ನನ್ನನ್ನೇ ಎಬ್ಬಿಸುತ್ತಾಳಲ್ಲ ಎಂದು ಬಿಗಿದುಕೊಂಡೇ ಅಡುಗೆಮನೆಗೆ ಹೋದೆ. ಗೋಡೆಗೆ ಕಿವಿ ಕೊಡುವ ಅವಶ್ಯಕತೆ ಇರಲಿಲ್ಲ, ಎಲ್ಲ ಕೇಳುತ್ತಿತ್ತು. ಹೂವಿನಾಕೆಯೂ ಚಲೋ ಅದ, ಬರೋಬ್ಬರಿ ಉತ್ರ ಕೊಡ್ತದ ಎಂದಳು. ಸೊಸೆ ಮೆಲ್ಲಗೆ ಕೇಳಿದಳು, "ಯಾವಾಗರ ಏನರ ಕೇಳಬೇಕು ಅನಿಸಿ, ಕೇಳದೆ ಬಿಟ್ಟೀರೇನ್ರಿ?"

ಹೂವಿನಾಕೆಯ ಬಳೆ ಸದ್ದು ಕೇಳಿಸಿತು. ಆಮೇಲೆ, "ಇಲ್ಲವ್ವ. ಎಲ್ಲಾ ಚಲೋ ಅದ," ಅಂದಳು.

ಆಗ ನಾನು ಮನಸ್ಸಿನಲ್ಲೇ ಶಹಬ್ಬಾಸ್ ಅಂದೆ. ಇದನ್ನು ಬರೆಯುವಾಗ ಕೈ ಹಿಂದೆ ಸರಿಯುತ್ತದೆ, ಆದರೆ ಅಂದದ್ದು ಖರೆ. ಸರಿಯಾದ ಪ್ರಶ್ನೆಯನ್ನು ಸರಿಯಾದ ಹೆಂಗಸಿಗೆ ಆ ಹುಡುಗಿ ಕೇಳಿಯೇ ಕೇಳಿದ್ದಳು.

ಸಂಜೆ ಐದು ಮಂದಿಯ ಮಾತನ್ನೂ ಫೋನಿನಲ್ಲಿ ಹಚ್ಚಿ ಹಚ್ಚಿ ಕೇಳಿದಳು. ಭಾಳ ಚಲೋ ಅದ, ಭಾಳ ಚಲೋ ಅದ. ನನ್ನ ಮಾತು ಐವರ ದನಿಯಲ್ಲಿ ನಮ್ಮ ಪಡಸಾಲೆಯಲ್ಲಿ ತಿರುಗಾಡಿತು. ಆಕೆ ಎದ್ದು ಬಂದು ನನ್ನ ಮುಂದೆ ಕೂತಳು.

"ನೀವೇನರ ಹೇಳಿದ್ರೇನ್ರಿ ಅವರಿಗಿ?"

"ನಾ ಯಾಕ ಹೇಳ್ಲವ್ವ? ನಮ್ಮ ಮಂದಿ ಇರೋದೇ ಹಂಗ."

ದೇವರ ಮನೆ ನನ್ನ ಬೆನ್ನ ಹಿಂದೆ ಇತ್ತು. ಆಕೆ ನಂಬಿದಳು. ಬೇರೆಯವರನ್ನು ಹುಡುಕಲು ಹೊತ್ತಿರಲಿಲ್ಲ. ಮೂರನೆಯ ದಿನಕ್ಕೆ ಅವರ ಮುಂದೆ ಕೂರಬೇಕಿತ್ತು. ಆ ಎರಡು ದಿನ ನಾನು ಕೊಡೇಕಲ್ಲಿನ ದೇವರಿಗೆ ಹರಕೆ ಹೊತ್ತೆ. ನೌಕರಿ ಆಗಲಿ, ಸೊಸೆಯನ್ನೇ ಕರೆದುಕೊಂಡು ದರುಶನಕ್ಕೆ ಬರುತ್ತೇನೆ ಎಂದು ಕೈ ಮುಗಿದೆ. ಒಂದು ಕೈಯಿಂದ ಬೇಡುತ್ತಾ ಇನ್ನೊಂದು ಕೈಯಿಂದ ಅಗುಳಿ ಹಾಕಿದ್ದೆ ಎಂದು ನನಗೆ ಹೊಳೆದಿರಲಿಲ್ಲ.

ಹೊಳೆದದ್ದು ಮೂರನೆಯ ದಿನ ಮಧ್ಯಾಹ್ನ. ಮಿಕ್ಸರ್ ಹಚ್ಚಲಿಲ್ಲ, ಒಗ್ಗರಣೆಯ ಘಾಟು ಆಗಬಾರದೆಂದು ಅಡುಗೆಯನ್ನು ಬೆಳಿಗ್ಗೆಯೇ ಮುಗಿಸಿದ್ದೆ. ಕರೆಂಟೂ ಹೋಗಲಿಲ್ಲ, ಅದು ಭಗವಂತ ಕೊಟ್ಟ ಒಂದು ಉಪಕಾರ ಎಂದು ಎಣಿಸಿಕೊಂಡೆ. ಸೊಸೆ ತನ್ನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಆ ಕಡೆ ಮೂವರು. ಇಂಗ್ಲಿಷ್ ನನಗೆ ಬಾರದು, ಆದರೆ ಆಕೆಯ ದನಿ ಮೊದಲು ಗಟ್ಟಿ ಇದ್ದದ್ದು ಹೋಗ್ತಾ ಹೋಗ್ತಾ ಸಣ್ಣದಾದದ್ದು ತಿಳಿಯಿತು. ಕೊನೆಗೆ ಅವರಲ್ಲಿ ಒಬ್ಬ ಹೆಣ್ಣುಮಗಳು ಕನ್ನಡದಲ್ಲಿ ಕೇಳಿದಳು. ದಕ್ಷಿಣದ ಕಡೆಯ ಮೆದು ಕನ್ನಡ.

"ಈ ಐದೂ ಜನರಲ್ಲಿ ಒಬ್ಬರಿಗೂ ಒಂದು ತೊಂದರೆಯೂ ಇಲ್ಲವಾ? ಐದೂ ಜನ ಒಂದೇ ಮಾತು ಹೇಳ್ತಿದ್ದಾರಲ್ಲ, ನಿಮಗೆ ಏನನ್ನಿಸುತ್ತೆ?"

ಗೋಡೆಯ ಈ ಕಡೆ ನಾನು ತೊಗರಿಬೇಳೆಯ ಡಬ್ಬಿ ಹಿಡಿದು ನಿಂತಿದ್ದೆ. ಆ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇತ್ತು. ಅವರಿಗೆ ಬೇಕಾದದ್ದು ಹೊಗಳಿಕೆಯಲ್ಲ, ಹೂವಿನಾಕೆಯ ಮಾತು ಎಂದು ಆ ಕ್ಷಣ ತಿಳಿಯಿತು. ನಾಲ್ಕು ಹೆಜ್ಜೆ ಇಟ್ಟು, ನಾನೇ ಹೇಳಿಕೊಟ್ಟದ್ದು ಅಂದಿದ್ದರೆ ಮುಗಿಯುತ್ತಿತ್ತು. ಮೈಮೇಲಿದ್ದದ್ದು ಹಳೆಯ ಸೀರೆ, ಮೂವರು ದೊಡ್ಡ ಮಂದಿ, ಅವರ ಮುಂದೆ ಸುಳ್ಳಿ ಅನ್ನಿಸಿಕೊಳ್ಳುವುದು ಹೇಗೆ ಎಂದು ನಿಂತೆ. ನಿಂತೇ ಇದ್ದೆ.

"ನಾನು ಇನ್ನೂ ಬೇರೆ ರೀತಿ ಕೇಳಬೇಕಿತ್ತು ಮೇಡಂ," ಅಂದಳು ಸೊಸೆ. "ಅವರ ವಿಶ್ವಾಸ ಗಳಿಸೋದರಲ್ಲಿ ನಾನು ಕಡಿಮೆ ಬಿದ್ದೆ. ಅದು ನನ್ನ ತಪ್ಪು."

ಅದಾಗಿ ಮೂರು ವಾರಕ್ಕೆ, ಅಮಾವಾಸ್ಯೆಯ ಹಿಂದಿನ ದಿನ, ಆಗಲಿಲ್ಲ ಎನ್ನುವ ಸುದ್ದಿ ಬಂತು.

ಸುದ್ದಿ ಬಂದ ಮೇಲೂ ನಾಲ್ಕು ದಿನ ನಾನು ಬಾಯಿ ಬಿಡಲಿಲ್ಲ. ಅಮಾವಾಸ್ಯೆಯ ಪೂಜೆ ಮಾಡಿದೆ, ಗಂಟೆ ಬಾರಿಸಿದೆ. ಮಗ ಹೆಂಡತಿಗೆ, "ಮುಂದಿನ ವರ್ಷ ನೋಡಿದ್ರಾತು ಬಿಡು," ಅಂದ. ನಮ್ಮವರು, "ಅವರ ನಸೀಬಿನಾಗ ನೀ ಇಲ್ಲ ಅನ್ನು," ಅಂದರು. ನಾನೂ ಹೂಂ ಹೂಂ ಅಂದೆ. ಐದನೆಯ ದಿನ ಸಂಜೆ ರೊಟ್ಟಿಗೆ ಜೋಳದ ಹಿಟ್ಟು ನಾದುತ್ತಿದ್ದೆ. ಸೊಸೆ ತನ್ನ ಹಳೆಯ ನೋಟಬುಕ್ಕುಗಳನ್ನೆಲ್ಲ ತಂದು ಪಡಸಾಲೆಯಲ್ಲಿ ರಾಶಿ ಹಾಕಿ ಸುತಳಿಯಿಂದ ಕಟ್ಟತೊಡಗಿದಳು.

"ಏನವ್ವ ಅದು?"

"ರದ್ದಿಗಿ ಹಾಕ್ತೀನ್ರಿ. ನನಗ ಬರಲಾರದ ಕೆಲಸಕ್ಕ ಜಾಗಾ ಯಾಕ?"

ಹಿಟ್ಟಿನ ಕೈಯಲ್ಲೇ ಹೋಗಿ ಆಕೆಯ ಎದುರು ಕೂತೆ. ಕಟ್ಟೆಯ ಮೇಲೆ ಏನು ಹೇಳಿಕೊಟ್ಟೆ, ಯಾಕೆ ಹೇಳಿಕೊಟ್ಟೆ, ಎಲ್ಲ ಹೇಳಿದೆ. ಹೂವಿನಾಕೆಯ ಬಾಯಿ ಕಟ್ಟಿದ್ದನ್ನೂ, ಗೋಡೆಯ ಈ ಕಡೆ ನಿಂತದ್ದನ್ನೂ ಬಿಡಲಿಲ್ಲ. ಆಕೆ ಸುತಳಿಯ ತುದಿ ಹಿಡಿದುಕೊಂಡು ಕೇಳಿದಳು.

"ನಾ ಬಾಯಿ ಬಿಟ್ಟು ಕೇಳಿದಾಗೂ ಇಲ್ಲ ಅಂದ್ರಿ."

"ಅಂದೆ."

"ನಾಲ್ಕು ದಿನ ನನ್ನ ನಾನೇ ಬೈಕೊಂಡೇನ್ರಿ ಅತ್ತ್ಯಾರ. ನನಗ ಈ ಕೆಲಸ ಬರಂಗೇ ಇಲ್ಲ ಅಂತ." ಸುತಳಿ ಕೆಳಗಿಟ್ಟು ಕೇಳಿದಳು, "ಹಂಗಾರ ನಮ್ಮ ಕಾಕಾನ ಮುಂದನೂ ಹಿಂಗೇ ಹೇಳ್ಸಿದ್ರೇನ್ರಿ? ಆ ಅವ್ವಾರ ಬಾಯಾಗ ಸುಳ್ಳು ಬರಂಗಿಲ್ಲ ಅಂತ?"

"ಇಲ್ಲವ್ವ. ಅದು ಆಕಿ ತಾನೇ ಹೇಳಿದ್ದು."

ಆಕೆ ನಗಲಿಲ್ಲ. ನನಗೂ ತಲೆ ಎತ್ತಲು ಆಗಲಿಲ್ಲ. ಅಂಗೈಯ ಹಿಟ್ಟು ಒಣಗಿ ಉದುರುತ್ತಿತ್ತು.

"ಆಕಿ ಏನು ಹೇಳಬೇಕಂತಿದ್ಲು?"

ಹೂವಿನಾಕೆ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಸೊಸೆಯ ಮುಖ ಬೇರೆಯಾಯಿತು. ಕಂಪನಿಗೆ ಇದೇ ಬೇಕಿತ್ತು ಎನ್ನುತ್ತಾಳೆ, ನೌಕರಿ ಹೋದದ್ದಕ್ಕೆ ಅಳುತ್ತಾಳೆ ಎಂದು ನಾನು ಕಾದೆ. ಆಕೆ ಕೇಳಿದ್ದು ಒಂದೇ.

"ದವಾಖಾನಿಗಿ ಹೋಗ್ಯಾಳೇನ್ರಿ?"

ನನಗೆ ಗೊತ್ತಿರಲಿಲ್ಲ.

"ನಿಮಗ ಹೇಳಿ ತಿಂಗಳಾಗಾಕ ಬಂತಲ್ರಿ," ಅಂದಳು. ಬೈದಂತೆ ಅನ್ನಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಆ ಇಡೀ ತಿಂಗಳು ದಿನಾ ಬೆಳಿಗ್ಗೆ ನಾನು ಹೂವಿನಾಕೆಯ ಹತ್ತಿರವೇ ಹೂ ತಂದಿದ್ದೆ. ಮೊದಲು ನೆಟ್ಟಗೆ ಕೂತು ಮಾಲೆ ಕಟ್ಟುತ್ತಿದ್ದವಳು ಈಚೆಗೆ ಬೇವಿನ ಬೊಡ್ಡೆಗೆ ಒರಗಿ ಕೂರುತ್ತಿದ್ದಳು. ತುಟಿ ಬೆಳ್ಳಗಾಗಿತ್ತು. ಕಂಡಿರಲಿಲ್ಲವೇ? ಕಂಡಿತ್ತು. ನಾನು ಕೇಳಿದ್ದು ಅಳತೆ ಸರಿ ಹಾಕು ಎಂದಷ್ಟೇ. ಆ ಹೂವನ್ನೇ ತಂದು ಏರಿಸಿ ನೌಕರಿ ಕೊಡು ಎಂದು ದೇವರನ್ನು ಬೇಡಿದ್ದೆ. ನೌಕರಿ ತಪ್ಪಿಸಿದ್ದಕ್ಕಿಂತ ಈ ನಾಚಿಕೆ ದೊಡ್ಡದು. ಅದು ತಿಳಿಯಲು ಆ ಹುಡುಗಿಯ ಒಂದು ಪ್ರಶ್ನೆ ಬೇಕಾಯಿತು.

ಹಿಟ್ಟಿನ ಪರಾತಕ್ಕೆ ತಟ್ಟೆ ಮುಚ್ಚಿ ಇಬ್ಬರೂ ಗುಡಿಯ ಕಡೆ ಹೋದೆವು. ಸಂಜೆಯ ಪೂಜೆಗೆ ಬರುವವರಿಗಾಗಿ ಹೂವಿನಾಕೆ ಇನ್ನೂ ಕೂತಿದ್ದಳು, ಅದೊಂದು ಪುಣ್ಯ. ಸೊಸೆ ಫೋನು, ಕಾಗದ ಏನೂ ತಂದಿರಲಿಲ್ಲ. ನನ್ನನ್ನು ನೋಡಿ, "ನೀವು ಇಲ್ಲೇ ಇರ್ರಿ," ಅಂದಳು. ಈ ಸಲ ನಾನು ಬಿಗಿದುಕೊಳ್ಳಲಿಲ್ಲ. ಚಪ್ಪಲಿ ಬಿಡುವ ಜಾಗದಲ್ಲಿ ನಿಂತೆ. ಆಕೆ ಹೋಗಿ ಬುಟ್ಟಿಯ ಪಕ್ಕ ನೆಲದ ಮೇಲೆ ಕೂತು, ಒಂದು ದಾರ ತೆಗೆದುಕೊಂಡು ತಾನೂ ಹೂ ಕಟ್ಟತೊಡಗಿದಳು. ಹೂವಿನಾಕೆ ಒಮ್ಮೆ ನನ್ನ ಕಡೆ ನೋಡಿದಳು. ನಾನು ಬೇರೆ ಕಡೆ ತಿರುಗಿ ನಿಂತೆ. ಮತ್ತೆ ತಿರುಗಿದಾಗ ಆಕೆ ಸೊಸೆಯ ಕಡೆ ಬಾಗಿ ಹೇಳುತ್ತಿದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ನಡುವೆ ಯಾವುದಕ್ಕೋ ನಕ್ಕಳು. ಬಹಳ ಹೊತ್ತು ಹೇಳಿದಳು. ಅಷ್ಟು ದೂರದಿಂದ ನನಗೆ ಒಂದು ಮಾತೂ ಕೇಳಿಸಲಿಲ್ಲ. ಕೇಳಿಸಬಾರದೆಂದೇ ಅಷ್ಟು ದೂರ ನಿಂತಿದ್ದೆ. ಈ ಹುಡುಗಿಗೆ ಮಂದಿಯ ಬಾಯಿ ಬಿಡಿಸಲು ಬರುವುದಿಲ್ಲ ಎಂದು ಬರೆದವರು ಆಗ ಅಲ್ಲಿ ಇರಬೇಕಿತ್ತು.

ಮನೆಗೆ ಬರುವಾಗ ಸೊಸೆ ನನ್ನ ಮುಂದೆ ಮುಂದೆ ನಡೆದಳು. ಬಾಗಿಲ ಹತ್ತಿರ ನಿಂತು, "ನಾಳೆ ಮುಂಜಾನೆ ಆಕೀನ ಕರಕೊಂಡು ದವಾಖಾನಿಗಿ ಹೋಗ್ತೀನ್ರಿ. ಹೋಗಾಕ ಒಪ್ಪ್ಯಾಳ," ಅಂದಳು.

"ನಾ ಬರ್ಲೇನವ್ವ?"

"ಬ್ಯಾಡ್ರಿ." ಹೊಸ್ತಿಲಲ್ಲಿ ತಿರುಗಿ, "ನೀವು ಆಕಿ ಅತ್ತಿಗಿ ಹೋಗಿ ಹೇಳ್ರಿ. ನಿಮ್ಮ ಮಾತಂದ್ರ ಕೇಳ್ತಾರ. ಇದ್ದದ್ದು ಇದ್ದಂಗ ಹೇಳ್ರಿ."

"ಹೇಳ್ತೀನಿ," ಅಂದೆ.

ನೋಟಬುಕ್ಕಿನ ಗಂಟು ಪಡಸಾಲೆಯಲ್ಲಿ ಅರ್ಧ ಕಟ್ಟಿದಂತೆಯೇ ಬಿದ್ದಿತ್ತು. ಆಕೆ ಅದನ್ನು ಬಿಚ್ಚಲಿಲ್ಲ, ಪೂರ್ತಿ ಕಟ್ಟಲೂ ಇಲ್ಲ. ದಾಟಿಕೊಂಡು ತನ್ನ ಕೋಣೆಗೆ ಹೋದಳು. ನಾನೂ ಅದನ್ನು ಮುಟ್ಟಲಿಲ್ಲ. ಅಡುಗೆಮನೆಯಲ್ಲಿ ತಟ್ಟೆ ತೆಗೆದು ನೋಡಿದರೆ ನಾದಿಟ್ಟ ಹಿಟ್ಟು ಮೇಲೆಲ್ಲ ಬಿರುಕು ಬಿಟ್ಟಿತ್ತು. ನೀರು ಕಾಯಲು ಇಟ್ಟೆ. ಬಿಸಿನೀರು ಚಿಮುಕಿಸಿ ಮತ್ತೆ ಮೊದಲಿನಿಂದ ನಾದಿದೆ. ಮೊದಲನೆಯ ರೊಟ್ಟಿ ಅಂಚಿನಲ್ಲಿ ಹರಿಯಿತು. ಅದನ್ನು ನನಗೆ ಇಟ್ಟುಕೊಂಡು ಎರಡನೆಯದಕ್ಕೆ ಉಂಡೆ ಮುರಿದೆ.